ಸ್ಪೋರ್ಟ್ಸ್ ಕೂಪೆ ಕಾರುಗಳ ಆಫ್ಟರ್‌ಮಾರ್ಕೆಟ್ ಚಕ್ರಗಳು

ಆಫ್ಟರ್‌ಮಾರ್ಕೆಟ್ ಚಕ್ರಗಳು ಎಂದರೆ ಕಾರ್ಖಾನೆಯಲ್ಲಿ ಜೋಡಿಸಲಾದ ಮೂಲ ಚಕ್ರಗಳ ಬದಲಿಗೆ ಕಾರಿನ ಮಾಲೀಕರು ಬಿಡಿಯಾಗಿ ಕೊಂಡು ಅಳವಡಿಸುವ ಚಕ್ರಗಳು. ಒಂದು ಚಕ್ರವು ನಿರ್ದಿಷ್ಟ ಕಾರಿನ ಹಬ್, ಬ್ರೇಕ್, ಸಸ್ಪೆನ್ಷನ್ ಮತ್ತು ಮಡ್‌ಗಾರ್ಡ್‌ಗಳ ನಡುವೆ ಸರಿಯಾಗಿ ಕೂರುವುದನ್ನು ಫಿಟ್‌ಮೆಂಟ್ ಅಥವಾ ಹೊಂದಾಣಿಕೆ ಎಂದು ಕರೆಯುತ್ತಾರೆ. ಎರಡು ಬಾಗಿಲಿನ, ನೆಲಕ್ಕೆ ಹತ್ತಿರವಾಗಿರುವ ಸ್ಪೋರ್ಟ್ಸ್ ಕೂಪೆಗಳಲ್ಲಿ ಚಕ್ರದ ಸುತ್ತಲಿನ ಜಾಗವು ಕಡಿಮೆಯಿರುವುದರಿಂದ ಕೆಲವೇ ಮಿಲಿಮೀಟರ್‌ಗಳ ವ್ಯತ್ಯಾಸವೂ ಪರಿಣಾಮ ಬೀರುತ್ತದೆ. ತಪ್ಪು ಆಯ್ಕೆಯಿಂದ ಟೈರ್ ಉಜ್ಜಿ ಹರಿಯಬಹುದು, ಸ್ಟಡ್ ಮುರಿಯಬಹುದು, ಕೆಲವೊಮ್ಮೆ ಚಲಿಸುತ್ತಿರುವ ಕಾರಿನಿಂದ ಚಕ್ರವೇ ಕಳಚಿಕೊಳ್ಳಬಹುದು.

ಈ ಲೇಖನದಲ್ಲಿ ಉದಾಹರಣೆಗಾಗಿ ಟೊಯೋಟಾ 86 ಮತ್ತು ಅದರ ಜೋಡಿ ಕಾರಾದ ಸುಬಾರು ಬಿಆರ್‌ಝಡ್ ಅನ್ನು ಬಳಸಲಾಗಿದೆ. ಚಕ್ರ ಬದಲಾವಣೆಗೆ ಹೆಚ್ಚು ಒಳಗಾಗುವ ಕೂಪೆಗಳಲ್ಲಿ ಇವು ಸೇರಿವೆ.

ಉದಾಹರಣೆಯ ಕಾರು

ಟೊಯೋಟಾ ಮತ್ತು ಸುಬಾರು ಜಂಟಿಯಾಗಿ ಅಭಿವೃದ್ಧಿಪಡಿಸಿದ ಈ ಕೂಪೆಯ ಉತ್ಪಾದನೆಯು 2012ರಲ್ಲಿ ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿರುವ ಸುಬಾರು ಕಾರ್ಖಾನೆಯಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಇದು ಮೊದಲಿಗೆ ಸಯಾನ್ ಎಫ್‌ಆರ್-ಎಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 2021ರಲ್ಲಿ ಅನಾವರಣಗೊಂಡ ಎರಡನೆಯ ಪೀಳಿಗೆಯ ಟೊಯೋಟಾ ಮಾದರಿಗೆ ಜಿಆರ್86 ಎಂಬ ಹೆಸರಿದೆ. ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳಿಗೆ ಶಕ್ತಿ ಹರಿಯುವ ಈ ಕಾರಿನ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂಭಾಗದಲ್ಲಿ ಡಬಲ್ ವಿಷ್‌ಬೋನ್ ಸಸ್ಪೆನ್ಷನ್ ಇದೆ.

ಮೊದಲ ಪೀಳಿಗೆಯ ಸಾಮಾನ್ಯ ಮಾದರಿಯ ಮೂಲ ಚಕ್ರದ ವ್ಯಾಸ 17 ಇಂಚು, ಅಗಲ 7 ಇಂಚು, ಆಫ್‌ಸೆಟ್ +48 ಮಿ.ಮೀ. ಟೈರಿನ ಅಳತೆ 215/45 ಆರ್17. ಜಪಾನಿನ ಕೆಳದರ್ಜೆಯ ಮಾದರಿಗಳಲ್ಲಿ 16 ಇಂಚಿನ ಚಕ್ರಗಳಿದ್ದವು. ಎರಡನೆಯ ಪೀಳಿಗೆಯಲ್ಲಿ ಅಗಲವು 7.5 ಇಂಚಿಗೆ ಏರಿತು. ಮೇಲ್ದರ್ಜೆಯ ಮಾದರಿಗಳಿಗೆ 18 ಇಂಚಿನ ಚಕ್ರ ಮತ್ತು 215/40 ಆರ್18 ಟೈರ್ ಬಂದವು.

ಮೊದಲ ಪೀಳಿಗೆಗೆ ತಯಾರಕರು ಆರಿಸಿದ ಟೈರ್ ಮಿಶೆಲಿನ್ ಪ್ರೈಮಸಿ ಎಚ್‌ಪಿ. ಟೊಯೋಟಾದ ಹೈಬ್ರಿಡ್ ಕಾರಾದ ಪ್ರಿಯಸ್‌ನ ಕೆಲವು ಮಾದರಿಗಳಲ್ಲಿಯೂ ಇದೇ ಟೈರ್ ಇದ್ದುದರಿಂದ ಅನೇಕರು ಇದನ್ನು ಮಿತವ್ಯಯದ ಕ್ರಮವೆಂದು ಭಾವಿಸಿದರು. ಆದರೆ ಹಿಡಿತವು ಮಿತವಾಗಿದ್ದರೆ ಕಡಿಮೆ ವೇಗದಲ್ಲೇ ಕಾರಿನ ಹಿಂಭಾಗ ಜಾರುತ್ತದೆ, ಚಾಲಕನಿಗೆ ಅದನ್ನು ನಿಯಂತ್ರಿಸುವ ಅನುಭವ ದೊರೆಯುತ್ತದೆ ಎಂಬುದು ಈ ಕಾರಿನ ವಿನ್ಯಾಸದ ಆಶಯವಾಗಿತ್ತು. ಆದ್ದರಿಂದ ಅಗಲವಾದ ಚಕ್ರ ಮತ್ತು ಹೆಚ್ಚು ಹಿಡಿತದ ಟೈರ್ ಹಾಕಿದಾಗ ಕಾರು ತಿರುವಿನಲ್ಲಿ ವೇಗವಾಗುತ್ತದೆ, ಜೊತೆಗೆ ಅದರ ಸ್ವಭಾವವೂ ಬದಲಾಗುತ್ತದೆ. ಚಕ್ರ ಕೊಳ್ಳುವವರು ಮೊದಲು ನಿರ್ಧರಿಸಬೇಕಾದ ಈ ವಿಷಯವನ್ನು ಹೆಚ್ಚಿನವರು ಕೊನೆಗೆ ಯೋಚಿಸುತ್ತಾರೆ.

ಹಬ್‌ಗೆ ಸಂಬಂಧಿಸಿದ ಅಳತೆಗಳು

ಚಕ್ರವು ಕಾರಿಗೆ ಕೂರುತ್ತದೆಯೇ ಎಂಬುದನ್ನು ನಾಲ್ಕು ಅಂಶಗಳು ನಿರ್ಧರಿಸುತ್ತವೆ: ಸ್ಟಡ್‌ಗಳ ವೃತ್ತದ ವ್ಯಾಸ, ನಡುರಂಧ್ರದ ವ್ಯಾಸ, ಸ್ಟಡ್‌ನ ಥ್ರೆಡ್, ನಟ್ ಕೂರುವ ಜಾಗದ ಆಕಾರ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದ ಮೂರು ಸರಿಯಿರುವುದರಿಂದ ಪ್ರಯೋಜನವಿಲ್ಲ.

ಸ್ಟಡ್‌ಗಳ ಕೇಂದ್ರಗಳ ಮೂಲಕ ಹಾಯುವ ವೃತ್ತದ ವ್ಯಾಸವನ್ನು ಪಿಸಿಡಿ ಎನ್ನುತ್ತಾರೆ. ಟೊಯೋಟಾ 86ರಲ್ಲಿ ಐದು ಸ್ಟಡ್‌ಗಳು 100 ಮಿ.ಮೀ. ವೃತ್ತದ ಮೇಲಿವೆ, ಇದನ್ನು 5×100 ಎಂದು ಬರೆಯಲಾಗುತ್ತದೆ. ಜಪಾನಿನ ಬಹುತೇಕ ದೊಡ್ಡ ಕಾರುಗಳಲ್ಲಿ ಇದು 5×114.3 ಆಗಿದೆ. ನಾಲ್ಕೂವರೆ ಇಂಚು 114.3 ಮಿ.ಮೀ.ಗೆ ಸಮನಾದುದರಿಂದ ಈ ವಿಚಿತ್ರ ಸಂಖ್ಯೆ ಬಂದಿದೆ. ಐದು ಸ್ಟಡ್‌ಗಳಿರುವಾಗ ಒಂದಕ್ಕೊಂದು ನೇರ ಎದುರಾಗಿರುವ ಜೋಡಿ ಇರುವುದಿಲ್ಲವಾದ್ದರಿಂದ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಅದರ ಬದಲು ಅಕ್ಕಪಕ್ಕದ ಎರಡು ಸ್ಟಡ್‌ಗಳ ಕೇಂದ್ರಗಳ ನಡುವಿನ ದೂರವನ್ನು ಅಳೆಯಬಹುದು. ಅದು 58.8 ಮಿ.ಮೀ. ಇದ್ದರೆ ವೃತ್ತದ ವ್ಯಾಸ 100, 67.2 ಮಿ.ಮೀ. ಇದ್ದರೆ 114.3.

ಇಲ್ಲಿ ಲಾಂಛನವನ್ನು ನಂಬುವವರು ಮೋಸಹೋಗುವುದುಂಟು. ಮುಂಭಾಗದಲ್ಲಿ ಟೊಯೋಟಾ ಎಂದು ಬರೆದಿದ್ದರೂ ಈ ಕಾರಿನ ಹಬ್ ಸುಬಾರುವಿನದು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾದ ಪಿಸಿಡಿ 5×114.3 ಆದುದರಿಂದ ಅದರ ಚಕ್ರ ಇದಕ್ಕೆ ಕೂರುವುದಿಲ್ಲ. ಪಿಸಿಡಿ ಒಂದೇ ಇರುವ ಕಾರುಗಳಲ್ಲೂ ತೊಂದರೆ ತಪ್ಪಿದ್ದಲ್ಲ. 1999ರಲ್ಲಿ ಬಂದ ಏಳನೆಯ ಪೀಳಿಗೆಯ ಟೊಯೋಟಾ ಸೆಲಿಕಾ 5×100 ಆಗಿದ್ದರೂ ಅದರ ಚಕ್ರದ ನಡುರಂಧ್ರ 54.1 ಮಿ.ಮೀ.; ಟೊಯೋಟಾ 86ರ ಹಬ್ 56.1 ಮಿ.ಮೀ. ಇರುವುದರಿಂದ ಸೆಲಿಕಾದ ಚಕ್ರ ಹಬ್‌ನ ಮೇಲೆ ಏರುವುದೇ ಇಲ್ಲ. ನಾಲ್ಕನೆಯ ಪೀಳಿಗೆಯ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಚಕ್ರವೂ 5×100, ನಡುರಂಧ್ರ 57.1 ಮಿ.ಮೀ.; ಅದು ಏರುತ್ತದೆ, ಆದರೆ ಸುತ್ತಲೂ ಅರ್ಧ ಮಿ.ಮೀ. ಸಡಿಲವಾಗಿರುತ್ತದೆ. ಅದಕ್ಕಿಂತ ಅಪಾಯಕಾರಿಯಾದುದು ನಟ್ ಕೂರುವ ಜಾಗ. ಗಾಲ್ಫ್‌ನ ಚಕ್ರದಲ್ಲಿ ಅದು ಗೋಲಾಕಾರವಾಗಿದ್ದರೆ, ಟೊಯೋಟಾ 86ರ ನಟ್‌ನ ತುದಿ 60 ಡಿಗ್ರಿಯ ಶಂಕುವಿನಾಕಾರದಲ್ಲಿದೆ. ಗೋಲಾಕಾರದ ಕುಳಿಯಲ್ಲಿ ಶಂಕುವಿನಾಕಾರದ ನಟ್ ಕೂತಾಗ ಅವು ತೆಳುವಾದ ಒಂದು ಗೆರೆಯಲ್ಲಿ ಮಾತ್ರ ತಾಗುತ್ತವೆ. ಬಿಗಿ ಮಾಡುವಾಗ ಗಟ್ಟಿಯೆನಿಸಿದರೂ ಓಡಾಟದಲ್ಲಿ ನಟ್ ತಾನಾಗಿ ಸಡಿಲವಾಗುತ್ತದೆ.

ಬೇರೆ ಬೇರೆ ಕಾರುಗಳಿಗೆ ಹೊಂದಲೆಂದು ಆಫ್ಟರ್‌ಮಾರ್ಕೆಟ್ ಚಕ್ರಗಳ ನಡುರಂಧ್ರವನ್ನು ಸಾಮಾನ್ಯವಾಗಿ ದೊಡ್ಡದಾಗಿ, ಅನೇಕ ವೇಳೆ 73 ಮಿ.ಮೀ.ಗೆ ಕೊರೆದಿರುತ್ತಾರೆ. ಉಳಿಯುವ ಜಾಗವನ್ನು ತುಂಬಲು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂನ ಹಬ್ ಉಂಗುರವನ್ನು ಬಳಸಲಾಗುತ್ತದೆ. ಕಾರಿನ ಭಾರವನ್ನು ಹೊರುವುದು ಈ ಉಂಗುರವಲ್ಲ. ನಟ್‌ಗಳ ಬಿಗಿತದಿಂದ ಚಕ್ರ ಮತ್ತು ಹಬ್‌ನ ಮುಖಗಳ ನಡುವೆ ಹುಟ್ಟುವ ಘರ್ಷಣೆ. ಉಂಗುರದ ಕೆಲಸ ನಟ್ ಬಿಗಿಯಾಗುವವರೆಗೆ ಚಕ್ರವನ್ನು ಕೇಂದ್ರದಲ್ಲಿ ಹಿಡಿದಿಡುವುದು. ಅದಿಲ್ಲದಿದ್ದರೆ ಹೆಚ್ಚಿನ ವೇಗದಲ್ಲಿ ಸ್ಟೇರಿಂಗ್ ನಡುಗುವುದು ಸಾಮಾನ್ಯ, ಟೈರ್ ಅಂಗಡಿಯಲ್ಲಿ ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಅದು ಹೋಗುವುದಿಲ್ಲ.

ಥ್ರೆಡ್ ವಿಷಯದಲ್ಲಿಯೂ ಇದೇ ಗೊಂದಲ. ಟೊಯೋಟಾದ ಹೆಚ್ಚಿನ ಕಾರುಗಳ ಸ್ಟಡ್‌ನ ವ್ಯಾಸ 12 ಮಿ.ಮೀ., ಥ್ರೆಡ್‌ಗಳ ಅಂತರ 1.5 ಮಿ.ಮೀ. ಟೊಯೋಟಾ 86ರಲ್ಲಿ ವ್ಯಾಸ ಅಷ್ಟೇ ಇದ್ದು, ಅಂತರ ಸುಬಾರು ಪದ್ಧತಿಯಂತೆ 1.25 ಮಿ.ಮೀ. ಇದೆ. ಬೇರೆ ಟೊಯೋಟಾದ ನಟ್ ಒಂದೆರಡು ಸುತ್ತು ಸಾಗಿ ಬಿಗಿಯಾಗುತ್ತದೆ. ಗಾಳಿಯ ಗನ್ನಿನಿಂದ ಒತ್ತಾಯಪೂರ್ವಕವಾಗಿ ತಿರುಗಿಸಿದರೆ ಸ್ಟಡ್‌ನ ಥ್ರೆಡ್ ಸವೆದು ಹಾಳಾಗುತ್ತದೆ. ಹಾಗಾಗಿ ಮೊದಲ ಕೆಲವು ಸುತ್ತುಗಳನ್ನು ಕೈಯಿಂದಲೇ ತಿರುಗಿಸುವುದು ಎಲ್ಲ ಕಾರುಗಳಿಗೂ ಅನ್ವಯಿಸುವ ಕ್ರಮವಾಗಿದೆ.

ಆಫ್‌ಸೆಟ್ ಮತ್ತು ಅಗಲ

ಚಕ್ರದ ಅಗಲದ ನಡುಗೆರೆಗೂ ಹಬ್‌ಗೆ ತಾಗುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. ತಾಗುವ ಮುಖವು ನಡುಗೆರೆಗಿಂತ ಹೊರಗಿದ್ದರೆ ಧನ ಆಫ್‌ಸೆಟ್, ಒಳಗಿದ್ದರೆ ಋಣ ಆಫ್‌ಸೆಟ್. ಚಕ್ರದ ಮೇಲೆ ಇದನ್ನು ಇಟಿ ಎಂಬ ಎರಡು ಅಕ್ಷರಗಳ ನಂತರ ಅಚ್ಚೊತ್ತಿರುತ್ತಾರೆ. ಈ ಅಕ್ಷರಗಳು ಐನ್‌ಪ್ರೆಸ್‌ಟೀಫೆ ಎಂಬ ಜರ್ಮನ್ ಪದದ ಸಂಕ್ಷೇಪ.

ಆಫ್‌ಸೆಟ್ ಸಂಖ್ಯೆಯೊಂದನ್ನೇ ನೋಡಿ ಚಕ್ರ ಎಲ್ಲಿ ಕೂರುತ್ತದೆಂದು ಹೇಳಲಾಗದು. ಅಗಲವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಅಗಲದ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಹಬ್‌ನಿಂದ ಒಳಗಿನ ಅಂಚಿಗಿರುವ ದೂರ, ಕಳೆದರೆ ಹೊರಗಿನ ಅಂಚಿಗಿರುವ ದೂರ ಸಿಗುತ್ತದೆ. ಟೊಯೋಟಾ 86ರ ಮೂಲ ಚಕ್ರದ ಅಗಲ 7 ಇಂಚು, ಅಂದರೆ 177.8 ಮಿ.ಮೀ.; ಅರ್ಧ 88.9. ಆಫ್‌ಸೆಟ್ 48 ಆದ್ದರಿಂದ ಒಳ ಅಂಚು 136.9 ಮಿ.ಮೀ., ಹೊರ ಅಂಚು 40.9 ಮಿ.ಮೀ. ದೂರದಲ್ಲಿದೆ. ಈಗ 8.5 ಇಂಚು ಅಗಲದ, +45 ಆಫ್‌ಸೆಟ್‌ನ ಚಕ್ರವನ್ನು ತೆಗೆದುಕೊಂಡರೆ ಒಳ ಅಂಚು ಸುಮಾರು 153 ಮಿ.ಮೀ., ಹೊರ ಅಂಚು ಸುಮಾರು 63 ಮಿ.ಮೀ. ಆಗುತ್ತದೆ. ಆಫ್‌ಸೆಟ್ ಸಂಖ್ಯೆಯಲ್ಲಿ ಬದಲಾದುದು ಕೇವಲ 3. ಆದರೆ ಚಕ್ರವು ಸ್ಟ್ರಟ್‌ನ ಕಡೆಗೆ 16 ಮಿ.ಮೀ., ಮಡ್‌ಗಾರ್ಡಿನ ಕಡೆಗೆ 22 ಮಿ.ಮೀ. ಸರಿದಿದೆ. 8 ಇಂಚು ಅಗಲ ಮತ್ತು +45 ಆಫ್‌ಸೆಟ್ ಆರಿಸಿದ್ದರೆ ಈ ಸರಿತ ಕ್ರಮವಾಗಿ 10 ಮತ್ತು 16 ಮಿ.ಮೀ.ಗೆ ಹತ್ತಿರವಾಗಿರುತ್ತಿತ್ತು. ರಿಮ್ಮಿನ ಅಗಲವನ್ನು ಟೈರ್ ಕೂರುವ ಜಾಗದಲ್ಲಿ ಅಳೆಯುವುದರಿಂದ ಲೋಹದ ನಿಜವಾದ ಅಂಚು ಇನ್ನೂ ಸ್ವಲ್ಪ ಹೊರಗಿರುತ್ತದೆ. ಎರಡು ಚಕ್ರಗಳನ್ನು ಹೋಲಿಸುವಾಗ ಇದರಿಂದ ವ್ಯತ್ಯಾಸವಾಗುವುದಿಲ್ಲ.

ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಮುಂಭಾಗದಲ್ಲಿ ಒಳಗಿನ ಜಾಗ ಮೊದಲು ಮುಗಿಯುತ್ತದೆ, ಏಕೆಂದರೆ ಸ್ಟ್ರಟ್‌ನ ಕೊಳವೆ ಮತ್ತು ಸ್ಪ್ರಿಂಗ್‌ನ ತಟ್ಟೆ ಟೈರಿನ ಪಕ್ಕದಲ್ಲಿಯೇ ಇರುತ್ತವೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಮಡ್‌ಗಾರ್ಡಿನ ಒಳಪದರಕ್ಕೆ ತಾಗುವ ಸಾಧ್ಯತೆಯೂ ಇದೆ. ಹಿಂಭಾಗದಲ್ಲಿ ತೊಂದರೆ ಕಾಣುವುದು ನಿಂತ ಕಾರಿನಲ್ಲಲ್ಲ. ಇಬ್ಬರು ಕೂತು, ಸಾಮಾನು ತುಂಬಿ, ರಸ್ತೆಯ ಉಬ್ಬನ್ನು ದಾಟಿದಾಗ. ಆದ್ದರಿಂದ ಅಂಗಡಿಯ ಅಂಗಳದಲ್ಲಿ ಚೆನ್ನಾಗಿ ಕೂತಂತೆ ಕಾಣುವ ಚಕ್ರವನ್ನು ಪರೀಕ್ಷೆ ಮುಗಿದ ಚಕ್ರವೆಂದು ತಿಳಿಯಲಾಗದು.

ಆಫ್‌ಸೆಟ್ ಕಡಿಮೆಯಾದಂತೆ ಚಕ್ರದ ನಡುಗೆರೆ ಹೊರಗೆ ಸರಿಯುವುದರಿಂದ ಹಬ್ ಬೇರಿಂಗ್ ಮೇಲಿನ ಬಾಗಿಸುವ ಬಲ ಹೆಚ್ಚುತ್ತದೆ. ಸ್ಟೇರಿಂಗ್ ಅಕ್ಷ ನೆಲವನ್ನು ಮುಟ್ಟುವ ಬಿಂದು ಮತ್ತು ಟೈರಿನ ನಡುವಿನ ದೂರವೂ ಬದಲಾಗುತ್ತದೆ. ಒಂದು ಬದಿಯ ಚಕ್ರ ಮಾತ್ರ ಹೊಂಡಕ್ಕೆ ಬಿದ್ದಾಗ ಅಥವಾ ಒದ್ದೆ ನೆಲದಲ್ಲಿ ಬ್ರೇಕ್ ಹಾಕಿದಾಗ ಸ್ಟೇರಿಂಗ್ ಕೈಯಲ್ಲಿ ಎಳೆದಂತಾಗುವುದಕ್ಕೆ ಇದೂ ಒಂದು ಕಾರಣ.

ಚಕ್ರದ ಹೊರಮೈ ಮಡ್‌ಗಾರ್ಡಿನ ಅಂಚಿಗೆ ಸಮನಾಗಿರುವುದನ್ನು ಜಪಾನಿನಲ್ಲಿ ತ್ಸುರಾಇಚಿ ಎನ್ನುತ್ತಾರೆ. ಈ ನೋಟಕ್ಕಾಗಿಯೇ ಕೆಲವರು ಕಿರಿದಾದ ಟೈರನ್ನು ಅಗಲವಾದ ರಿಮ್ಮಿಗೆ ಹಿಗ್ಗಿಸಿ ಹಾಕುತ್ತಾರೆ, ಚಕ್ರದ ಮೇಲ್ಭಾಗವನ್ನು ಅತಿಯಾಗಿ ಒಳಕ್ಕೆ ವಾಲಿಸುತ್ತಾರೆ. ಪ್ರದರ್ಶನದ ಕಾರುಗಳಿಗೆ ಇದು ಸರಿಯಿರಬಹುದು. ರಸ್ತೆಯಲ್ಲಿ ಓಡಾಡುವ ಕಾರಿನಲ್ಲಿ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಬ್ರೇಕ್ ಹಾಕುವಾಗ ನೆಲಕ್ಕೆ ತಾಗುವ ಭಾಗ ಕಿರಿದಾಗುತ್ತದೆ.

ಟೈರಿನ ಅಳತೆ

ಟೈರಿನ ಒಟ್ಟು ವ್ಯಾಸವು ಮೂಲಕ್ಕೆ ಹತ್ತಿರವಾಗಿರಬೇಕು. ಮೂಲದ 215/45 ಆರ್17 ಟೈರಿನ ವ್ಯಾಸವನ್ನು ಲೆಕ್ಕ ಹಾಕಿದರೆ 625 ಮಿ.ಮೀ. ಬರುತ್ತದೆ. 215/40 ಆರ್18 ಟೈರಿನದು 629, 245/40 ಆರ್17 ಟೈರಿನದು 628. ಇವೆರಡರ ವ್ಯತ್ಯಾಸ ಶೇಕಡ ಒಂದಕ್ಕಿಂತ ಕಡಿಮೆ. 225/40 ಆರ್18 ಟೈರಿನ ವ್ಯಾಸ 637, ಅಂದರೆ ಶೇ. 1.9 ಹೆಚ್ಚು. 235/40 ಆರ್18 ಟೈರಿನದು 645, ಅಂದರೆ ಶೇ. 3.2 ಹೆಚ್ಚು. ವ್ಯಾಸ ಹೆಚ್ಚಾದಾಗ ಸ್ಪೀಡೋಮೀಟರ್ ತೋರಿಸುವ ವೇಗ ಮೊದಲಿಗಿಂತ ಕಡಿಮೆಯಾಗುತ್ತದೆ, ಗೇರ್ ಅನುಪಾತ ಎತ್ತರವಾದಂತಾಗಿ ಕಾರಿನ ಎಳೆತ ತಗ್ಗುತ್ತದೆ, ಮಡ್‌ಗಾರ್ಡಿನ ಒಳಗಿನ ಜಾಗವೂ ಕುಗ್ಗುತ್ತದೆ.

ಪ್ರತಿ ಟೈರಿಗೂ ತಯಾರಕರು ಒಪ್ಪುವ ರಿಮ್ ಅಗಲದ ಮಿತಿಯಿದೆ. 215/45 ಆರ್17 ಟೈರಿಗೆ 7ರಿಂದ 8 ಇಂಚು, 225/40 ಆರ್18 ಟೈರಿಗೆ 7.5ರಿಂದ 9 ಇಂಚು. ಮೂಲ ಟೈರನ್ನು ಉಳಿಸಿಕೊಂಡು 8.5 ಇಂಚಿನ ಚಕ್ರ ಕೊಳ್ಳಲು ಬಯಸುವವರಿಗೆ ಹೊಸ ಟೈರಿನ ಖರ್ಚು ಕೂಡ ಸೇರುತ್ತದೆ.

ಟೈರಿನ ಪಕ್ಕದಲ್ಲಿರುವ ಭಾರ ಸೂಚ್ಯಂಕವನ್ನು ಅನೇಕರು ನೋಡುವುದಿಲ್ಲ. 215/45 ಆರ್17 ಟೈರಿನ ಸಾಮಾನ್ಯ ಸೂಚ್ಯಂಕ 87, ಅಂದರೆ ಒಂದು ಟೈರ್ 545 ಕೆ.ಜಿ. ಹೊರಬಲ್ಲದು. ಸೂಚ್ಯಂಕ 84 ಆದರೆ ಅದು 500 ಕೆ.ಜಿ.ಗೆ ಇಳಿಯುತ್ತದೆ. ಬದಲಿ ಟೈರಿನ ಸೂಚ್ಯಂಕವು ಕಾರಿನ ಬಾಗಿಲಿನ ಬಳಿಯ ಫಲಕ ಅಥವಾ ಕೈಪಿಡಿಯಲ್ಲಿ ಸೂಚಿಸಿದ್ದಕ್ಕಿಂತ ಕಡಿಮೆ ಇರಬಾರದು.

ಚಕ್ರದ ವ್ಯಾಸ ಹೆಚ್ಚಿದಂತೆ ಟೈರಿನ ಗೋಡೆಯ ಎತ್ತರ ಕುಗ್ಗುತ್ತದೆ. 17 ಇಂಚಿನ ಮೂಲ ಟೈರಿನಲ್ಲಿ ಅದು 97 ಮಿ.ಮೀ., 215/40 ಆರ್18 ಟೈರಿನಲ್ಲಿ 86 ಮಿ.ಮೀ. ತಿರುವಿನಲ್ಲಿ ಸ್ಟೇರಿಂಗ್‌ನ ಸ್ಪಂದನ ಚುರುಕಾಗುತ್ತದೆ. ಆದರೆ ಗುಂಡಿಯ ಅಂಚಿಗೆ ಬಡಿದಾಗ ಟೈರಿನ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಸಿಕ್ಕಿ ಹರಿಯುವ, ರಿಮ್ ಬಾಗುವ ಸಾಧ್ಯತೆ ಹೆಚ್ಚುತ್ತದೆ. ರಸ್ತೆಗಳು ಕೆಟ್ಟಿರುವ ಊರುಗಳಲ್ಲಿ 17 ಇಂಚನ್ನು ಉಳಿಸಿಕೊಂಡು ಅಗಲವನ್ನು ಮಾತ್ರ ಹೆಚ್ಚಿಸುವುದು ವಿವೇಕದ ಆಯ್ಕೆ. ಟ್ರ್ಯಾಕ್‌ನಲ್ಲಿ ಓಡಿಸುವ ಅನೇಕರು ಕೂಡ ಟೈರಿನ ಬೆಲೆ ಮತ್ತು ತೂಕದ ಕಾರಣದಿಂದ 17 ಇಂಚನ್ನೇ ಆರಿಸುತ್ತಾರೆ.

ತಯಾರಿಕೆ ಮತ್ತು ತೂಕ

ಮಿಶ್ರಲೋಹದ ಚಕ್ರಗಳನ್ನು ಮುಖ್ಯವಾಗಿ ಮೂರು ವಿಧಾನಗಳಲ್ಲಿ ತಯಾರಿಸಲಾಗುತ್ತದೆ. ಕರಗಿದ ಅಲ್ಯೂಮಿನಿಯಂ ಮಿಶ್ರಲೋಹವನ್ನು ಅಚ್ಚಿಗೆ ಎರೆಯುವುದು ಅಗ್ಗದ ವಿಧಾನ. ಎರಕ ಹೊಯ್ದ ಚಕ್ರದ ಸುತ್ತುಪಟ್ಟಿಯನ್ನು ಕಾಯಿಸಿ ತಿರುಗಿಸುತ್ತಾ ರೋಲರುಗಳಿಂದ ತೆಳುವಾಗಿ ಎಳೆಯುವುದನ್ನು ಫ್ಲೋ ಫಾರ್ಮಿಂಗ್ ಎನ್ನುತ್ತಾರೆ. ಮೂರನೆಯದು ಫೋರ್ಜಿಂಗ್. ಇದರಲ್ಲಿ ಘನ ಲೋಹದ ಗಟ್ಟಿಯನ್ನು ಭಾರಿ ಒತ್ತಡದಲ್ಲಿ ರೂಪಿಸಲಾಗುತ್ತದೆ. ಲೋಹದ ಕಣಗಳು ದಟ್ಟವಾಗುವುದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಬಲ ಸಿಗುತ್ತದೆ. ಜಪಾನಿನ ರೇಸ್ ಸಂಸ್ಥೆ 1996ರಲ್ಲಿ ಹೊರತಂದ ಟಿಇ37 ಈ ವರ್ಗದ ಪ್ರಸಿದ್ಧ ಚಕ್ರ. ಹೆಸರಿನಲ್ಲಿರುವ 37, ಅದರ 15 ಇಂಚಿನ ಆವೃತ್ತಿಯ 3.7 ಕೆ.ಜಿ. ತೂಕವನ್ನು ಸೂಚಿಸುತ್ತದೆ. ಜಪಾನಿನ ಎಂಕೈ ಮತ್ತು ಜರ್ಮನಿಯ ಶಿಲ್ಟಾಖ್‌ನಲ್ಲಿ 1970ರಲ್ಲಿ ಆರಂಭವಾದ ಬಿಬಿಎಸ್ ಈ ಕ್ಷೇತ್ರದ ಇತರ ಹೆಸರಾಂತ ತಯಾರಕರು.

ಚಕ್ರದಲ್ಲಿ ಉಳಿಸಿದ ಒಂದು ಕೆ.ಜಿ. ಕಾರಿನ ದೇಹದಲ್ಲಿ ಉಳಿಸಿದ ಹಲವು ಕೆ.ಜಿ.ಗಳಿಗೆ ಸಮ ಎಂಬ ಮಾತು ಪ್ರಚಲಿತದಲ್ಲಿದೆ. ಇದು ಉತ್ಪ್ರೇಕ್ಷೆ. 17 ಇಂಚಿನ ರಿಮ್ಮಿನ ಅಂಚು ಅಕ್ಷದಿಂದ ಸುಮಾರು 216 ಮಿ.ಮೀ., ಟೈರಿನ ಹೊರಮೈ ಸುಮಾರು 313 ಮಿ.ಮೀ. ದೂರದಲ್ಲಿದೆ. ಈ ಎರಡರ ಅನುಪಾತದ ವರ್ಗ ಸುಮಾರು 0.48. ಅಂದರೆ ವೇಗವರ್ಧನೆಯ ಮಟ್ಟಿಗೆ ರಿಮ್ಮಿನ ಅಂಚಿನ ಒಂದು ಕೆ.ಜಿ. ಸುಮಾರು ಒಂದೂವರೆ ಕೆ.ಜಿ.ಯಂತೆ ವರ್ತಿಸುತ್ತದೆ, ಟೈರಿನ ಹೊರಮೈಯಲ್ಲಿದ್ದರೂ ಅದು ಎರಡು ಕೆ.ಜಿ.ಯನ್ನು ಮೀರದು. ಹಗುರವಾದ ಚಕ್ರದ ನಿಜವಾದ ಲಾಭ ಉಬ್ಬುತಗ್ಗುಗಳಲ್ಲಿ ಕಾಣುತ್ತದೆ. ಸ್ಪ್ರಿಂಗ್‌ನ ಕೆಳಗಿನ ತೂಕ ಕಡಿಮೆಯಾದಾಗ ಟೈರ್ ರಸ್ತೆಯನ್ನು ಹೆಚ್ಚು ಹೊತ್ತು ಹಿಡಿದಿರುತ್ತದೆ.

ಬ್ರೇಕ್‌ಗಳ ಅಡಚಣೆ

ಚಕ್ರದ ವ್ಯಾಸ ಸಾಕಷ್ಟಿದ್ದರೂ ಕಡ್ಡಿಗಳ ಹಿಂಬದಿಯು ಬ್ರೇಕ್ ಕ್ಯಾಲಿಪರ್‌ಗೆ ತಾಗಬಹುದು. 2017ರಲ್ಲಿ ಅಮೆರಿಕದ ಬಿಆರ್‌ಝಡ್‌ಗೆ ಬಂದ ಪರ್ಫಾರ್ಮೆನ್ಸ್ ಪ್ಯಾಕೇಜ್‌ನಲ್ಲಿ ದೊಡ್ಡ ಬ್ರೆಂಬೊ ಬ್ರೇಕ್‌ಗಳಿದ್ದವು. ಹಾಗಾಗಿ ಒಂದೇ ಹೆಸರಿನ ಕಾರುಗಳಲ್ಲಿಯೂ ಒಂದಕ್ಕೆ ಕೂತ ಚಕ್ರ ಇನ್ನೊಂದಕ್ಕೆ ಕೂರುತ್ತದೆಂಬ ಖಾತರಿಯಿಲ್ಲ. ಕೆಲವು ಬ್ರೇಕ್ ತಯಾರಕರು ಕ್ಯಾಲಿಪರ್‌ನ ಆಕಾರದ ನಕ್ಷೆಯನ್ನು ಕೊಡುತ್ತಾರೆ. ಅದನ್ನು ನಿಜ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ, ಕತ್ತರಿಸಿ, ಚಕ್ರದೊಳಗೆ ತಿರುಗಿಸಿ ನೋಡುವುದು ಸರಳ ಪರೀಕ್ಷೆ.

ಸ್ಪೇಸರ್‌ಗಳು

ಚಕ್ರವನ್ನು ಹೊರಗೆ ಸರಿಸಲು ಹಬ್ ಮತ್ತು ಚಕ್ರದ ನಡುವೆ ಇಡುವ ಲೋಹದ ತಟ್ಟೆಯೇ ಸ್ಪೇಸರ್. ತೆಳುವಾದ ಸ್ಪೇಸರ್ ಹಾಕಿದಾಗ ನಟ್‌ಗೆ ಸಿಗುವ ಸ್ಟಡ್‌ನ ಉದ್ದ ಅಷ್ಟೇ ಕಡಿಮೆಯಾಗುತ್ತದೆ. ಟೊಯೋಟಾ 86ರಲ್ಲಿ 5 ಮಿ.ಮೀ. ಸ್ಪೇಸರ್ ಎಂದರೆ ನಾಲ್ಕು ಸುತ್ತು ಥ್ರೆಡ್ ಕಳೆದುಹೋದಂತೆ. ನಟ್‌ನೊಳಗೆ ಕನಿಷ್ಠ ಸ್ಟಡ್‌ನ ವ್ಯಾಸದಷ್ಟು, ಅಂದರೆ 12 ಮಿ.ಮೀ. ಥ್ರೆಡ್ ಇರಬೇಕೆಂಬುದು ರೂಢಿಯ ನಿಯಮ. ಇದಕ್ಕೆ ಒಂಬತ್ತರಿಂದ ಹತ್ತು ಸುತ್ತು ಬೇಕು. ಅಷ್ಟು ಸಿಗದಿದ್ದರೆ ಉದ್ದವಾದ ಸ್ಟಡ್‌ಗಳನ್ನು ಹಾಕಿಸಬೇಕು. ದಪ್ಪ ಸ್ಪೇಸರ್‌ಗಳಿಗೆ ತಮ್ಮದೇ ಸ್ಟಡ್‌ಗಳಿದ್ದು, ಅವುಗಳನ್ನು ಹಬ್‌ಗೆ ಪ್ರತ್ಯೇಕವಾಗಿ ಬಿಗಿಯಲಾಗುತ್ತದೆ.

5×100 ಅಳತೆಯಲ್ಲಿ ಆಯ್ಕೆ ಕಡಿಮೆಯಿರುವುದರಿಂದ ಕೆಲವರು ಸುಬಾರು ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐ ಕಾರಿನ ಹಬ್‌ಗಳನ್ನು ಅಳವಡಿಸಿ 5×114.3ಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಖರ್ಚಿನದಾದರೂ ಅಡಾಪ್ಟರ್ ತಟ್ಟೆಗಿಂತ ಇದು ಹೆಚ್ಚು ನೆಚ್ಚಬಹುದಾದ ವಿಧಾನ.

ಗುಣಮಟ್ಟದ ಮುದ್ರೆಗಳು ಮತ್ತು ನಕಲಿ ಚಕ್ರಗಳು

ಜಪಾನಿನ ಚಕ್ರಗಳ ಮೇಲೆ ಜೆಡಬ್ಲ್ಯೂಎಲ್ ಮತ್ತು ವಿಐಎ ಎಂಬ ಮುದ್ರೆಗಳಿರುತ್ತವೆ. ಮೊದಲನೆಯದು ಸರ್ಕಾರ ನಿಗದಿಪಡಿಸಿದ ಮಾನದಂಡವನ್ನು ಪೂರೈಸಿದೆಯೆಂದು ತಯಾರಕರೇ ಘೋಷಿಸುವುದು. ಎರಡನೆಯದು ಸ್ವತಂತ್ರ ಸಂಸ್ಥೆಯ ಪರೀಕ್ಷೆ ಮತ್ತು ನೋಂದಣಿಯನ್ನು ಸೂಚಿಸುತ್ತದೆ. ಬಾಗಿಸುತ್ತಾ ತಿರುಗಿಸುವ ಪರೀಕ್ಷೆ, ಡ್ರಮ್ಮಿನ ಮೇಲೆ ಭಾರ ಹೇರಿ ಓಡಿಸುವ ಪರೀಕ್ಷೆ, 13 ಡಿಗ್ರಿ ವಾಲಿಸಿದ ಚಕ್ರದ ಅಂಚಿಗೆ ಭಾರವನ್ನು ಬೀಳಿಸುವ ಪರೀಕ್ಷೆ ಇವುಗಳಲ್ಲಿ ಮುಖ್ಯವಾದವು.

ಹೆಸರಾಂತ ವಿನ್ಯಾಸಗಳನ್ನು ಹೋಲುವ ಅಗ್ಗದ ಚಕ್ರಗಳು ಎಲ್ಲೆಡೆ ಸಿಗುತ್ತವೆ. ಫೋರ್ಜ್ ಮಾಡಿದ ಚಕ್ರದ ತೆಳುವಾದ ಕಡ್ಡಿಗಳ ಆಕಾರವನ್ನು ಎರಕದಲ್ಲಿ ನಕಲು ಮಾಡಿದಾಗ ಒಂದೋ ಅದು ಬಹಳ ಭಾರವಾಗುತ್ತದೆ, ಇಲ್ಲವೇ ದುರ್ಬಲವಾಗುತ್ತದೆ. ಮುದ್ರೆಗಳನ್ನೂ ನಕಲು ಮಾಡಬಹುದಾದ್ದರಿಂದ ಅವುಗಳ ಜೊತೆಗೆ ಮಾರಾಟಗಾರರ ವಿಶ್ವಾಸಾರ್ಹತೆ ಮತ್ತು ಚಕ್ರದ ನಿಜವಾದ ತೂಕವನ್ನು ಪರಿಶೀಲಿಸಲಾಗುತ್ತದೆ. ಹಳೆಯ ಚಕ್ರ ಕೊಳ್ಳುವಾಗ ಕಡ್ಡಿಗಳ ಬುಡ ಮತ್ತು ಒಳಗಿನ ಸುತ್ತುಪಟ್ಟಿಯಲ್ಲಿ ಬಿರುಕುಗಳನ್ನು ಹುಡುಕಬೇಕು. ಹೊಸದಾಗಿ ಬಳಿದ ಬಣ್ಣವು ಬೆಸುಗೆ ಹಾಕಿದ ಗುರುತುಗಳನ್ನು ಮುಚ್ಚಿರಬಹುದು.

ಅಳವಡಿಕೆ

ಹಬ್‌ನ ಮುಖದ ತುಕ್ಕನ್ನು ಉಜ್ಜಿ ತೆಗೆದು, ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಹಂತ ಹಂತವಾಗಿ ಬಿಗಿಯಲಾಗುತ್ತದೆ. ಟೊಯೋಟಾ 86ಕ್ಕೆ ಸೂಚಿಸಿರುವ ಬಿಗಿತ 120 ನ್ಯೂಟನ್ ಮೀಟರ್. ಇದನ್ನು ಟಾರ್ಕ್ ರೆಂಚ್‌ನಿಂದ ಅಳೆಯಬೇಕು. ಹೊಸ ಚಕ್ರದ ಬಣ್ಣವು ಒತ್ತಡಕ್ಕೆ ಕುಗ್ಗುವುದರಿಂದ ಸುಮಾರು 80ರಿಂದ 100 ಕಿ.ಮೀ. ಓಡಿಸಿದ ನಂತರ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸುವ ರೂಢಿಯಿದೆ. ಟೈರಿನ ಗಾಳಿಯ ಒತ್ತಡ ತಿಳಿಸುವ ಸಂವೇದಕಗಳಿರುವ ಕಾರುಗಳಲ್ಲಿ ಅವುಗಳನ್ನು ಹೊಸ ಚಕ್ರಕ್ಕೆ ವರ್ಗಾಯಿಸಬೇಕಾಗುತ್ತದೆ.

ಕಾನೂನು

ಜಪಾನಿನಲ್ಲಿ ಶಾಕೆನ್ ಎಂಬ ನಿಯತಕಾಲಿಕ ತಪಾಸಣೆಯಲ್ಲಿ ಚಕ್ರವು ಮಡ್‌ಗಾರ್ಡಿನಿಂದ ಹೊರಚಾಚಿದೆಯೇ ಎಂದು ನೋಡಲಾಗುತ್ತದೆ. ಅಕ್ಷದಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿ ವ್ಯಾಪ್ತಿಯನ್ನು ಇದಕ್ಕಾಗಿ ಪರಿಗಣಿಸುತ್ತಾರೆ. 2017ರ ತಿದ್ದುಪಡಿಯು ಟೈರಿನ ಉಬ್ಬಿಗೆ 10 ಮಿ.ಮೀ.ಗಿಂತ ಕಡಿಮೆ ಹೊರಚಾಚಲು ಅವಕಾಶ ಕೊಟ್ಟಿತು. ಲೋಹದ ಚಕ್ರಕ್ಕೆ ಈ ರಿಯಾಯಿತಿ ಇಲ್ಲ. ಜರ್ಮನಿಯಲ್ಲಿ ಅನುಮೋದನೆ ಪತ್ರವಿಲ್ಲದ ಚಕ್ರವನ್ನು ಹಾಕಿದರೆ ವಾಹನದ ಚಾಲನಾ ಅನುಮತಿಯೇ ರದ್ದಾಗಬಹುದು.

ಟೊಯೋಟಾ 86 ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗಿಲ್ಲ. ಆದರೆ ಇಲ್ಲಿ ಓಡುವ ಯಾವುದೇ ಕಾರಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅನ್ವಯಿಸುತ್ತದೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಈ ಕಲಮು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಲುವನ್ನು ಎತ್ತಿಹಿಡಿಯಿತು. ಅಪಘಾತದ ನಂತರ ವಿಮೆಯ ಪರಿಹಾರ ಕೋರುವಾಗಲೂ ಚಕ್ರದ ಬದಲಾವಣೆಯು ವಿವಾದಕ್ಕೆ ಕಾರಣವಾಗಬಹುದಾದ್ದರಿಂದ, ಮಾಡಿಸಿದ ಬದಲಾವಣೆಯನ್ನು ವಿಮಾ ಸಂಸ್ಥೆಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು. ಮೂಲ ಚಕ್ರಗಳನ್ನು ಮಾರದೆ ಇಟ್ಟುಕೊಂಡವರಿಗೆ ತಪಾಸಣೆಯ ವೇಳೆ ಅಥವಾ ಕಾರನ್ನು ಮಾರುವಾಗ ಅವು ಉಪಯೋಗಕ್ಕೆ ಬರುತ್ತವೆ.